ಕೂದಲೆಳೆಯ ಅಕ್ಷರ
(ಸ್ಮರಣ ಸಂಚಿಕೆಯ ಸಿದ್ಧತೆಗಾಗಿ ಸೇರಿದ ಸಭೆಯಲ್ಲಿ ಮಾಡಿದ ಭಾಷಣ)



ಜಾಹೀರಾತಿನ ಲೆಕ್ಕಪತ್ರದ ನಡುವೆ ಅಕ್ಷರದ ರೂಪದ ಮಾತೇಕೆಂದು ತಾವು ಕೇಳಬಹುದು. ಹೊದಿಕೆಯ ಮೇಲೆ ಸಂಘದ ಹೆಸರನ್ನು ತೆಳ್ಳನೆಯ ಸೊಗಸಾದ ರೋಮನ್ ಅಕ್ಷರದಲ್ಲಿಯೂ ಮುದ್ರಿಸಬೇಕೆಂದು ನಮ್ಮ ತರುಣ ಮಿತ್ರರ ಅಪೇಕ್ಷೆ. ಒಳಪುಟಗಳ ಕನ್ನಡವೂ ಅಷ್ಟೇ ತೆಳ್ಳಗಿರಲೆಂಬುದು ಅವರ ಇನ್ನೊಂದು ಆಸೆ. ಆದಕಾರಣ ಈ ನಾಲ್ಕು ಮಾತು.

ರೋಮನ್ ಅಕ್ಷರದ ತುದಿಯಲ್ಲಿ ಚಾಚಿರುವ ಕಿರುಗೆರೆಗೆ ಸೆರಿಫ್ ಎಂದು ಹೆಸರು. ಅದನ್ನು ಕೂದಲೆಳೆಯಷ್ಟು ಸಣ್ಣಗೆ ಎಳೆಯುವ ಹಟ ಹಳೆಯದು. ಬರ್ಮಿಂಗ್‌ಹ್ಯಾಮಿನ ಜಾನ್ ಬ್ಯಾಸ್ಕರ್‌ವಿಲ್ 1757ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಅಚ್ಚು ಹಾಕಿದ. ಇವನ ಸಣ್ಣ ಗೆರೆಗಳು ದೇಶದವರ ಕಣ್ಣನ್ನೇ ಕೆಡಿಸುತ್ತವೆಂದು ಒಬ್ಬ ಮಹಾಶಯ ಬೆಂಜಮಿನ್ ಫ್ರಾಂಕ್ಲಿನ್ನನ ಮುಂದೆ ದೂರಿದನಂತೆ. ಫ್ರಾಂಕ್ಲಿನ್ ಒಳಗೆ ಹೋಗಿ, ಕ್ಯಾಸ್ಲನ್ನನ ಅಕ್ಷರಗಳ ಮಾದರಿ ಹಾಳೆಯಿಂದ ಹೆಸರನ್ನು ಹರಿದು, ಇದು ಬ್ಯಾಸ್ಕರ್‌ವಿಲ್‌ನದೆಂದು ತಂದುಕೊಟ್ಟ. ತಾನು ಹುಟ್ಟಿದಂದಿನಿಂದ ಸುಖವಾಗಿ ಓದಿಕೊಂಡು ಬಂದ ಅಕ್ಷರದಲ್ಲಿಯೇ ಆ ಮಹಾಶಯ ದೋಷಗಳನ್ನು ಎತ್ತಿ ತೋರಿಸಿದ! ಫ್ರಾಂಕ್ಲಿನ್ 1760ರ ಕಾಗದದಲ್ಲಿ ಇದನ್ನು ಬ್ಯಾಸ್ಕರ್‌ವಿಲ್‌ಗೇ ಬರೆದಿದ್ದಾನೆ. ಹೊಸದನ್ನು ಕಂಡೊಡನೆ ಮೂಗು ಮುರಿಯುವ ನಮ್ಮಂಥ ಹಿರಿಯರು ಕೇಳಬೇಕಾದ ಕಥೆ.

ಮುಂದೆ ಪ್ಯಾರಿಸಿನ ದಿದೊ ಮನೆತನದವರೂ ಪಾರ್ಮಾದ ಬೊದೋನಿಯೂ ಗೆರೆಯನ್ನು ಇನ್ನೂ ಸಣ್ಣಗೆ ಮಾಡಿದರು. ಬೊದೋನಿಯ ದೊಡ್ಡ ಪುಟ, ಅಗಲವಾದ ಅಂಚು, ನುಣುಪು ಕಾಗದ; ಅಲ್ಲಿ ಅದು ರಾಜಗಾಂಭೀರ್ಯದಿಂದ ಕುಳಿತಿತು. ಅದನ್ನೇ ಕುಗ್ಗಿಸಿದರೆ ಗೆರೆ ಉಳಿಯದು. 1991ರಲ್ಲಿ ಅಮೆರಿಕದ ಹಾರ್ಪರ್ಸ್ ಬಜಾರ್ ಪತ್ರಿಕೆಗಾಗಿ ಜೊನಾಥನ್ ಹೋಫ್ಲರ್ ಅವರು ದಿದೊ ಅಕ್ಷರವನ್ನು ಹೊಸದಾಗಿ ರಚಿಸಿದಾಗ ಏಳು ಅಳತೆಗಳಿಗೆ ಏಳು ಬಗೆಯಾಗಿ ಬರೆದರು. ಅಕ್ಷರ ಚಿಕ್ಕದಾದಂತೆಲ್ಲ ಕೂದಲೆಳೆಗೆ ಅದಕ್ಕೆ ತಕ್ಕ ಮೈ ಬರುತ್ತದೆ.

ಇನ್ನು ನಮ್ಮ ಕನ್ನಡ. ನಮ್ಮಲ್ಲಿ ಸೆರಿಫ್ ಇಲ್ಲದಿದ್ದರೂ ತಲೆಕಟ್ಟುಂಟು, ಕೆಳಗೆ ಪುಟ್ಟದಾಗಿ ಒತ್ತಕ್ಷರವುಂಟು. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಒಂದೇ ಒಂದು ಕಿರುಗೆರೆ. ಅದು ಅಳಿಸಿಹೋಯಿತೋ, ಮಹನೀಯರ ಧನಸಹಾಯ ದನಸಹಾಯವಾಗುತ್ತದೆ. ನಮಗೆ ನಗುವ ಮಾತು. ಮನೆಯಲ್ಲಷ್ಟೇ ಕನ್ನಡ ಕೇಳಿ ಬೆಳೆದು, ಓದುವುದನ್ನು ಇಂಥ ಪುಟಗಳಿಂದ ಕಲಿಯುವ ಈ ಊರಿನ ನಮ್ಮ ಮಕ್ಕಳಿಗೆ ಆ ಪದ ದನವಾಗಿಯೇ ನಿಲ್ಲುತ್ತದೆ.

ಹೊದಿಕೆಗೆ ತರುಣರ ಅಕ್ಷರವೇ ಇರಲಿ, ದೊಡ್ಡದಾಗಿಯೇ ಇರಲಿ. ಒಳಪುಟದ ಒಂದು ಹಾಳೆಯನ್ನು ಮಾತ್ರ ನಾವು ಕೊಳ್ಳಲಿರುವ ಕಾಗದದ ಮೇಲೆ ಅಚ್ಚು ಹಾಕಿಸಿ, ಒಬ್ಬ ಅಜ್ಜನ ಕೈಗೂ ಒಬ್ಬ ಮೊಮ್ಮಗಳ ಕೈಗೂ ಕೊಟ್ಟು ಗಟ್ಟಿಯಾಗಿ ಓದಿಸಿ. ಕಂಪ್ಯೂಟರಿನ ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡಬೇಡಿ. ಪುಟಗಳನ್ನು ಅಚ್ಚಿನ ಮನೆಗೆ ಕಳಿಸಲು ಇನ್ನೂ ಹದಿನೈದು ದಿನಗಳಿವೆ.