ಬ್ಲಾಕ್ ಒತ್ತೋ ಮುಂಚೆ ಕೇಳಬೇಕಾದ ಪ್ರಶ್ನೆ

ನಾನು ಪುಣೆಯಲ್ಲಿ ಸೆಕ್ಯುರಿಟಿ ಮಾನಿಟರಿಂಗ್ ಟೀಮ್‌ನಲ್ಲಿದ್ದೀನಿ. ನಮಗೆ ದಿನಾ ಬರೋ ಟಿಕೆಟ್ ಒಂದಿದೆ: ‘ಈ ಡೊಮೇನ್ ಮೇಲೆ ಅನುಮಾನ, ನೋಡಿ ಹೇಳಿ.’ ನೋಡೋ ಕ್ರಮ ನಿಮ್ಮಲ್ಲಿ ಹಲವರಿಗೆ ಬಾಯಿಪಾಠ. ಯಾವಾಗ ರಿಜಿಸ್ಟರ್ ಆಯ್ತು, ಯಾವ ಐಪಿ ವಿಳಾಸಕ್ಕೆ ಹೋಗುತ್ತೆ, ವೈರಸ್‌ಟೋಟಲ್ ಏನನ್ನುತ್ತೆ. ನಿನ್ನೆ ಮೊನ್ನೆ ಹುಟ್ಟಿದ ಡೊಮೇನ್, ಬಾಯಿಗೆ ಬಾರದ ಹೆಸರು ಅಂದ್ರೆ ಬ್ಲಾಕ್, ಟಿಕೆಟ್ ಕ್ಲೋಸ್. ಹೆಚ್ಚಿನ ಸಲ ಅದು ಸರಿಯೇ.

ಆದ್ರೆ ಹಾಗೆ ಬ್ಲಾಕ್ ಮಾಡಿದ್ರೆ ಮನೆಗೆ ನಾವೇ ಬೆಂಕಿ ಇಟ್ಟ ಹಾಗಾಗೋ ಒಂದು ಡೊಮೇನ್ ಇತ್ತು.

2017ರ ಮೇ 12, ಶುಕ್ರವಾರ. ವಾನ್ನಾಕ್ರೈ ರಾನ್ಸಮ್‌ವೇರ್ ಹರಡೋಕೆ ಶುರುವಾಯ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 6,900 ಅಪಾಯಿಂಟ್‌ಮೆಂಟ್ ರದ್ದಾದದ್ದು ಲೆಕ್ಕಕ್ಕೆ ಸಿಕ್ಕಿದೆ. ನಮ್ಮಲ್ಲಿ ಆಂಧ್ರದ ಪೊಲೀಸ್ ಕಂಪ್ಯೂಟರ್‌ಗಳಿಗೂ ತಟ್ಟಿತು. ಅವತ್ತೇ ಮಾರ್ಕಸ್ ಹಚಿನ್ಸ್ ಅನ್ನೋ ಬ್ರಿಟಿಷ್ ಹುಡುಗ ಇದರ ಸ್ಯಾಂಪಲ್ ಓಡಿಸಿ ನೋಡಿದಾಗ, ಅದು ಯಾರೂ ರಿಜಿಸ್ಟರ್ ಮಾಡದ ಒಂದು ಡೊಮೇನ್ ಹುಡುಕ್ತಿತ್ತು. 41 ಅಕ್ಷರದ ಹೆಸರು, ನಡುವೆ ಒಂದು 9. ಬೆಕ್ಕು ಕೀಬೋರ್ಡ್ ಮೇಲೆ ನಡೆದ ಹಾಗೆ! ಹತ್ತು ಡಾಲರ್ ಚಿಲ್ಲರೆ ಕೊಟ್ಟು ಅವನೇ ಅದನ್ನ ಕೊಂಡ. ಎಷ್ಟು ಮೆಷಿನ್ ಸಿಕ್ಕಿಬಿದ್ದಿವೆ ಅಂತ ಎಣಿಸೋದು ಅವನ ಉದ್ದೇಶ. ಆದ್ರೆ ಹರಡೋದೇ ತಗ್ಗಿಹೋಯ್ತು.

ಯಾಕೆ? ಈ ವರ್ಮ್ ಶುರುವಾದ ಕೂಡಲೇ ಆ ಡೊಮೇನ್‌ಗೆ ಒಂದು ವೆಬ್ ರಿಕ್ವೆಸ್ಟ್ ಕಳಿಸುತ್ತೆ. ಉತ್ತರ ಬಂದ್ರೆ ಸುಮ್ಮನೆ ಮುಚ್ಚಿಕೊಂಡು ಹೋಗುತ್ತೆ. ಬರದಿದ್ರೆ ಫೈಲ್‌ಗಳಿಗೆ ಬೀಗ ಹಾಕಿ ಪಕ್ಕದ ಮೆಷಿನ್‌ಗೆ ಹಾರುತ್ತೆ. ಸ್ಯಾಂಡ್‌ಬಾಕ್ಸ್‌ಗಳು ಯಾವ ಹೆಸರು ಕೇಳಿದ್ರೂ ಉತ್ತರ ಕೊಡ್ತವಲ್ಲ, ಅದನ್ನ ಪತ್ತೆಹಚ್ಚೋಕೆ ಇಟ್ಟಿದ್ದ ತಂತ್ರ ಇದು ಅಂತ ಹಚಿನ್ಸ್ ಊಹೆ.

ಈಗ ನಮ್ಮ ಟಿಕೆಟ್‌ಗೆ ಬನ್ನಿ. ಅವತ್ತು ಸಂಜೆ ಈ ಹೆಸರು ನಿಮ್ಮ ಮುಂದೆ ಬಂದಿದ್ರೆ? ವಯಸ್ಸು ಕೆಲವೇ ಗಂಟೆ, ಹೆಸರು ಅಸಂಬದ್ಧ, ಮಾಲ್‌ವೇರ್ ಜೊತೆ ನೇರ ನಂಟು. ಎಲ್ಲಾ ಗುರುತೂ ‘ಬ್ಲಾಕ್’ ಅಂತಲೇ ಹೇಳ್ತವೆ. ಆದ್ರೆ ಫೈರ್‌ವಾಲ್‌ನಲ್ಲಿ ತಡೆದ್ರೆ ವರ್ಮ್‌ಗೆ ಉತ್ತರ ಸಿಗಲ್ಲ, ಅದು ಕೆಲಸ ಶುರು ಮಾಡುತ್ತೆ. ಬ್ರಿಟನ್ನಿನ ಎನ್‌ಸಿಎಸ್‌ಸಿ ‘ಈ ಡೊಮೇನ್ ಬ್ಲಾಕ್ ಮಾಡಬೇಡಿ’ ಅಂತಲೇ ಸೂಚನೆ ಕೊಡಬೇಕಾಯ್ತು. ಪ್ರಾಕ್ಸಿ ಮೂಲಕ ಮಾತ್ರ ಇಂಟರ್ನೆಟ್ ಇರೋ ಆಫೀಸುಗಳಿಗಂತೂ ಈ ರಕ್ಷಣೆ ಇರಲೇ ಇಲ್ಲ, ಯಾಕಂದ್ರೆ ವರ್ಮ್‌ಗೆ ಪ್ರಾಕ್ಸಿ ಬಳಸೋಕೆ ಬರ್ತಿರಲಿಲ್ಲ.

ಹಾಗಾಗಿ ನಮ್ಮ ಟೀಮ್‌ಗೆ ಹೊಸದಾಗಿ ಸೇರೋ ಹುಡುಗ ಹುಡುಗಿಯರಿಗೆ ನಾನು ಮೊದಲು ಕೇಳೋದು, ‘ಡೊಮೇನ್ ಕೆಟ್ಟದ್ದಾ’ ಅಂತಲ್ಲ. ‘ಮಾಲ್‌ವೇರ್ ಇದನ್ನ ಯಾಕೆ ಕೇಳ್ತಿದೆ, ಉತ್ತರ ಸಿಗದಿದ್ರೆ ಏನು ಮಾಡುತ್ತೆ?’ ವೈರಸ್‌ಟೋಟಲ್‌ನ ಅಂಕಿ ಇದನ್ನ ಹೇಳಲ್ಲ. ಸ್ಯಾಂಪಲ್ ಸಿಕ್ಕಿದ್ರೆ ಎರಡು ಸಲ ಓಡಿಸಿ ನೋಡಿ: ಒಮ್ಮೆ ಉತ್ತರ ಕೊಟ್ಟು, ಒಮ್ಮೆ ಕೊಡದೆ.

ಇನ್ನೊಂದು, ಡಿಎನ್‌ಎಸ್ ಲಾಗ್. ಆ ಹೆಸರನ್ನ ಕೇಳಿದ ಮೆಷಿನ್ ಯಾವುದು ಅಂತ ಅದರಲ್ಲಿರುತ್ತೆ. ವಾನ್ನಾಕ್ರೈ ವಿಷಯದಲ್ಲಾದ್ರೆ ಆ ಮೆಷಿನ್‌ನಿಂದ ಬೇರೆಯವಕ್ಕೆ ಹೋಗೋ ಪೋರ್ಟ್ 445 ಮುಚ್ಚಿ, ಡೊಮೇನ್ ದಾರಿ ಮಾತ್ರ ತೆರೆದೇ ಇಡಿ, ಆಮೇಲೆ ಎಂಎಸ್17-010 ಪ್ಯಾಚ್ ಹಾಕಿ. ಮೈಕ್ರೋಸಾಫ್ಟ್ ಅದನ್ನ ಆ ವರ್ಷದ ಮಾರ್ಚ್‌ನಲ್ಲೇ, ಅಂದ್ರೆ ದಾಳಿಗೆ ಎರಡು ತಿಂಗಳು ಮುಂಚೆಯೇ ಬಿಟ್ಟಿತ್ತು.

ಪ್ರಶ್ನೆಗಳಿದ್ರೆ ಕೇಳಿ, ಇನ್ನೂ ಹತ್ತು ನಿಮಿಷ ಇದೆ.