ಬ್ರೇಕಿನ ಕಾವಲು



ಕೊಯಮತ್ತೂರಿನಿಂದ ಸತ್ಯಮಂಗಲ, ಬಣ್ಣಾರಿಗಳ ಮಾರ್ಗವಾಗಿ ಚಾಮರಾಜನಗರಕ್ಕೆ ಹೋಗಿಬರುವ ನಮಗೆ ದಿಂಬಂ ಘಟ್ಟದ 27 ಕಡಿದಾದ ತಿರುವುಗಳು ಚಿರಪರಿಚಿತ. ಅಲ್ಲಿ ಇಳಿಯುವ ಕಾರಿನಲ್ಲಿರುವವರ ಪ್ರಾಣವು ಬ್ರೇಕಿನ ವಶದಲ್ಲಿದೆ. ಅದರ ದೋಷವನ್ನು ಮುಂಚಿತವಾಗಿ ಅರಿಯುವ ಬಗೆ ಹೇಗೆ?

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಬಿದ್ದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಪ್ಯಾಸ್ಕಲನು ತೋರಿಸಿಕೊಟ್ಟನು. ಪೆಡಲನ್ನು ತುಳಿದಾಗ ಬ್ರೇಕ್ ಆಯಿಲು ಈ ನಿಯಮದಂತೆಯೇ ಬಲವನ್ನು ಚಕ್ರಗಳಿಗೆ ಮುಟ್ಟಿಸುತ್ತದೆ. ಒಂದು ಕೊಳವೆ ಒಡೆದರೂ ಎಲ್ಲವೂ ಕೆಡದಂತೆ ಕೊಳವೆಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿರುತ್ತಾರೆ.

ದೋಷವನ್ನು ಸಾರುವ ಸಂವೇದಕಗಳು ಹಲವು. ಆಯಿಲಿನ ಡಬ್ಬಿಯಲ್ಲಿ ಅಯಸ್ಕಾಂತವುಳ್ಳ ತೇಲುಬಿರಡೆಯಿದೆ. ಆಯಿಲು ಸೋರಿ ಮಟ್ಟ ತಗ್ಗಿದರೆ ಅದೂ ತಗ್ಗಿ, ಸ್ವಿಚ್ಚು ಕೂಡಿ, ಚಾಲಕನೆದುರು ಕೆಂಪು ದೀಪ ಹೊತ್ತುತ್ತದೆ. ಕೆಲವು ವಾಹನಗಳಲ್ಲಿ ಎರಡು ಪಂಗಡಗಳ ಒತ್ತಡ ಅಸಮವಾದರೆ ನಡುವಣ ಪಿಸ್ಟನ್ನು ಒಂದೆಡೆಗೆ ಸರಿದು ಅದೇ ದೀಪವನ್ನು ಹೊತ್ತಿಸುತ್ತದೆ. ಚಕ್ರದ ಬಳಿಯ ಸಂವೇದಕವು ಅದರ ವೇಗವನ್ನಳೆದು, ಚಕ್ರ ಬಿಗಿದು ಜಾರತೊಡಗಿದೊಡನೆ ಎ.ಬಿ.ಎಸ್. ಯಂತ್ರಕ್ಕೆ ತಿಳಿಸುತ್ತದೆ. ಭಾರತದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಈ ಏರ್ಪಾಡು ಕಡ್ಡಾಯ.

ಆದರೆ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನೀರು ಬೆರೆತ ಆಯಿಲು ಇಳಿಜಾರಿನಲ್ಲಿ ಬ್ರೇಕು ಕಾದಾಗ ಬೇಗ ಕುದಿಯುತ್ತದೆ. ಆವಿಯು ಅಮುಕಿದರೆ ಕುಗ್ಗುವುದೇ ಹೊರತು ಬಲವನ್ನು ಒಯ್ಯದು. ಆಗ ಡಬ್ಬಿಯ ಮಟ್ಟ ತಗ್ಗಿರದು, ಬಿರಡೆಯ ದೀಪ ಹೊತ್ತದು; ಪೆಡಲು ಮಾತ್ರ ತಳ ಮುಟ್ಟುತ್ತದೆ.

ಆದುದರಿಂದ ದೀಪ ಹೊತ್ತಿದರೆ ಗಾಡಿಯನ್ನು ನಿಲ್ಲಿಸಿರಿ. ಹೊತ್ತದಿದ್ದರೂ ಕಾಲಕಾಲಕ್ಕೆ ಆಯಿಲನ್ನು ಬದಲಿಸಿರಿ, ಘಟ್ಟವನ್ನು ಕೆಳಗಿನ ಗೇರಿನಲ್ಲಿ ಇಳಿಯಿರಿ. ಸಂವೇದಕವು ತನಗೊಪ್ಪಿಸಿದ್ದನ್ನಷ್ಟೇ ಕಾಯುವ ಕಾವಲುಗಾರ. ಉಳಿದ ಎಚ್ಚರ ನಮ್ಮದು.