ನಮ್ಮ ಯಲಹಂಕ ಬೆಳೆದ ಬಗೆ

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ, 2025ರ ಡಿಸೆಂಬರ್‌ನಲ್ಲಿ, ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಮ್ಮ ಊರು ಬೆಳೆದ ಬಗೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಹೇಳಿದ್ದಾರೆ. ನಾನು ಸ್ಥಳೀಯ ಸಂಸ್ಥೆಗಳಲ್ಲಿ ಕಂದಾಯ ವಸೂಲಿ ಮಾಡಿ ನಿವೃತ್ತನಾದವನು. ರಸೀದಿ ಪುಸ್ತಕ ಹಿಡಿದು ಮನೆ ಮನೆ ತಿರುಗಿದವನಿಗೆ ಇತಿಹಾಸದ ಪಂಡಿತರ ಹಾಗೆ ಮಾತನಾಡಲು ಬರುವುದಿಲ್ಲ. ಯಾವ ಬೀದಿ ಯಾವಾಗ ಹುಟ್ಟಿತು, ಯಾವ ಕೇರಿಗೆ ನಲ್ಲಿ ಯಾವಾಗ ಬಂತು ಎನ್ನುವುದು ಮಾತ್ರ ಅಷ್ಟಿಷ್ಟು ಗೊತ್ತು. ಅದನ್ನೇ ಹೇಳುತ್ತೇನೆ.

ಮಕ್ಕಳು ಮೊದಲು ಒಂದು ವಿಷಯ ತಿಳಿದಿರಬೇಕು. ಯಲಹಂಕ ಬೆಂಗಳೂರಿನ ಬಡಾವಣೆಯಾಗಿ ಹುಟ್ಟಿದ್ದಲ್ಲ. ಒಂದನೇ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟುವ ಹೊತ್ತಿಗೆ ಅವರ ಮನೆತನ ತಲೆಮಾರುಗಳಿಂದ ಯಲಹಂಕ ನಾಡನ್ನು ಆಳುತ್ತಿತ್ತು. ಅವರನ್ನು ಯಲಹಂಕ ನಾಡಪ್ರಭು ಎಂದು ಕರೆಯುವುದು ಅದಕ್ಕೇ. ಅಂದರೆ ನಮ್ಮದು ತಾಯಿ ಊರು, ಬೆಂಗಳೂರು ಮಗಳು. 2007ರ ಜನವರಿಯಲ್ಲಿ ಮಗಳು ತಾಯಿಯನ್ನೇ ತನ್ನ ಮಡಿಲಿಗೆ ಹಾಕಿಕೊಂಡಳು. ಆ ಕಥೆಗೆ ಆಮೇಲೆ ಬರುತ್ತೇನೆ.

ಈ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಹಿಂದಿನವರು ಕೆರೆಯಿಂದ ಕೆರೆಗೆ ಕಾಲುವೆ ಜೋಡಿಸಿ ಬದುಕಿದರು. ಯಲಹಂಕ ಕೆರೆ ಮತ್ತು ಅಲ್ಲಾಳಸಂದ್ರ ಕೆರೆಯ ಕೋಡಿ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ. ನಾವು ಈ ಶಾಲೆಯಲ್ಲಿ ಓದುವಾಗ ಕೆರೆ ಕೆಳಗೆ ಅಚ್ಚುಕಟ್ಟು ಇತ್ತು, ಮೇಲೆ ರಾಗಿ ಹೊಲ, ಅಲ್ಲಲ್ಲಿ ದ್ರಾಕ್ಷಿ ತೋಟ. ತೂಬು ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಿದರೆ ಅರಳಿಕಟ್ಟೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು.

ಹಳೆಯದೆಲ್ಲ ಚಿನ್ನ ಎನ್ನುವವನು ನಾನಲ್ಲ. ಆ ಕಟ್ಟೆಯ ಮೇಲೆ ಕೂರುತ್ತಿದ್ದವರು ಯಾರು ಅನ್ನುವುದು ಇಲ್ಲಿರುವ ನನ್ನ ವಯಸ್ಸಿನವರಿಗೆಲ್ಲ ಗೊತ್ತು. ಹೆಂಗಸರು ಕೂರುತ್ತಿರಲಿಲ್ಲ, ಕಾಲನಿಯವರು ದೂರ ನಿಲ್ಲುತ್ತಿದ್ದರು. ಊರ ಬಾವಿಯಲ್ಲಿ ಕಾಲನಿಯ ಹೆಣ್ಣುಮಕ್ಕಳು ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹುಯ್ಯಲಿ ಎಂದು ಕಾಯುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬೀದಿ ನಲ್ಲಿ ಬಂದ ಮೇಲೆ ಆ ಕಾಯುವಿಕೆ ನಿಂತಿತು. ಪೇಟೆ ಹತ್ತಿರ ಬಂದದ್ದರಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಪೇಟೆ ಒಂದೇ ದಿನ ಬರಲಿಲ್ಲ. ಬ್ರಿಟಿಷರ ಕಾಲದಲ್ಲೇ ಗುಂತಕಲ್ ಕಡೆಯ ಮೀಟರ್ ಗೇಜ್ ಹಳಿ, ಆಮೇಲೆ ಚಿಕ್ಕಬಳ್ಳಾಪುರದ ಚಿಕ್ಕ ರೈಲು ನಮ್ಮೂರಿಗೆ ಬಂದವು. ಸ್ವಾತಂತ್ರ್ಯ ಬಂದ ಮೇಲೆ ವಾಯುಪಡೆಯ ನೆಲೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ. ಕಾರ್ಖಾನೆಯ ಶಿಫ್ಟಿನ ಸೈರನ್ನು ಕೇಳಿ ಅಡುಗೆಗೆ ಇಡುವ ಮನೆಗಳು ನಮ್ಮಲ್ಲಿ ಆಗ ಹುಟ್ಟಿಕೊಂಡವು. ಅದೇ ಸುಮಾರಿನಲ್ಲಿ ಗೃಹ ಮಂಡಳಿಯವರು ಉಪನಗರ ಕಟ್ಟಿದರು. ಅಗಲ ರಸ್ತೆ, ಪಾರ್ಕು, ಒಳಚರಂಡಿ, ಎಲ್ಲವನ್ನೂ ಮೊದಲೇ ನಕ್ಷೆ ಹಾಕಿ ಮಾಡಿದ್ದು.

ಉಪನಗರದ ಸುತ್ತ ಬೆಳೆದದ್ದಕ್ಕೆ ನಕ್ಷೆ ಇರಲಿಲ್ಲ. ಹೊಲವನ್ನು ಅಳೆದು ಕಲ್ಲು ನೆಟ್ಟರು, ಮೂವತ್ತು ನಲವತ್ತರ ಸೈಟು ಮಾಡಿ ಮಾರಿದರು. ಭೂಪರಿವರ್ತನೆ ಇಲ್ಲ, ಬಡಾವಣೆಗೆ ಮಂಜೂರಾತಿ ಇಲ್ಲ. ಇದನ್ನೇ ರೆವಿನ್ಯೂ ಸೈಟ್ ಎನ್ನುವುದು. ಮಾರಿದವರಲ್ಲೂ ಕೊಂಡವರಲ್ಲೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳು ಇದ್ದಾರೆ; ಇಲ್ಲಿ ನಗುತ್ತಿರುವವರನ್ನು ನೋಡಿದರೇ ಗೊತ್ತಾಗುತ್ತದೆ. ಮಗಳ ಮದುವೆಗೆ ಮಾರಿದವನನ್ನೂ, ಬಾಡಿಗೆ ತಾಳಲಾರದೆ ಕೊಂಡವನನ್ನೂ ನಾನು ದೂರುವುದಿಲ್ಲ. ಆದರೆ ಅಂಥ ಮನೆಗಳೆಲ್ಲ ಮುಂದೆ ಬಿ ಖಾತಾ ಎಂಬ ಬೇರೆ ವಹಿಗೆ ಹೋದವು. ಕಂದಾಯ ಎಲ್ಲರಂತೆ ಕಟ್ಟಬೇಕು, ಮನೆ ಕಟ್ಟಲು ಪ್ಲಾನು ಮಂಜೂರು ಮಾಡಿಸುವಾಗ, ಬ್ಯಾಂಕಿನಲ್ಲಿ ಸಾಲ ಕೇಳುವಾಗ ಮಾತ್ರ ಅವರು ಬೇರೆ.

2001ರ ಜನಗಣತಿಯ ಹೊತ್ತಿಗೆ ಯಲಹಂಕ ನಗರಸಭೆಯ ಜನಸಂಖ್ಯೆ 93 ಸಾವಿರ ದಾಟಿತ್ತು. ಆಮೇಲೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ಮುಂದಿನದನ್ನು ನಾನು ಹೇಳಬೇಕಾಗಿಲ್ಲ, ಬಳ್ಳಾರಿ ರಸ್ತೆ ದಾಟಿ ಶಾಲೆಗೆ ಬರುವ ಮಕ್ಕಳನ್ನು ಕೇಳಿ.

ಈಗ ಆಡಳಿತದ ಮಾತು. ನೌಕರಿಗೆ ಸೇರಿದ ಹೊಸದರಲ್ಲಿ ನಾನು ಕಂಡದ್ದು ಪಂಚಾಯಿತಿ. ಚರಂಡಿ ಕಟ್ಟಿದರೆ ಜನ ಮೆಂಬರ ಮನೆ ಬಾಗಿಲಿಗೇ ಹೋಗುತ್ತಿದ್ದರು. ಅವರು ಒಳ್ಳೆಯವರೋ ಕೆಟ್ಟವರೋ, ಮನೆಯಂತೂ ಗೊತ್ತಿತ್ತು. ಆಮೇಲೆ ನಗರಸಭೆ ಬಂತು. ಅಲ್ಲಿಯೂ ಕೌನ್ಸಿಲರ್ ನಮ್ಮ ಬೀದಿಯವರೇ, ಸಭೆ ನಡೆಯುವುದು ಇಲ್ಲೇ ಯಲಹಂಕದಲ್ಲೇ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಇಡೀ ನಗರಕ್ಕೆ 198 ವಾರ್ಡು. ಒಂದನೇ ವಾರ್ಡಿಗೆ ಕೆಂಪೇಗೌಡರ ಹೆಸರು, ಎರಡು ಚೌಡೇಶ್ವರಿ, ಮೂರು ಅಟ್ಟೂರು, ನಾಲ್ಕು ಯಲಹಂಕ ಉಪನಗರ. ಎಣಿಕೆ ಶುರುವಾಗುವುದೇ ನಮ್ಮಿಂದ ಎಂದು ನಾವು ಹೆಮ್ಮೆಪಟ್ಟಿದ್ದೆವು.

2015ರಲ್ಲಿ ಮತ್ತೊಂದು ಚುನಾವಣೆ ನಡೆಯಿತು. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಅಂದಿನಿಂದ ಇಂದಿನವರೆಗೆ, ಐದು ವರ್ಷಕ್ಕೂ ಮೀರಿ, ಬೆಂಗಳೂರಿನ ಯಾವ ವಾರ್ಡಿನಲ್ಲೂ ಚುನಾಯಿತ ಸದಸ್ಯರಿಲ್ಲ. ಈ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಐದು ಮಾಡಿದ್ದಾರೆ, ನಾವು ಬೆಂಗಳೂರು ಉತ್ತರಕ್ಕೆ ಸೇರಿದ್ದೇವೆ. ಬೋರ್ಡು ಬದಲಾಗಿದೆ, ಚುನಾವಣೆ ಇನ್ನೂ ಆಗಿಲ್ಲ. ಯಾವ ಪಕ್ಷದ ಸರಕಾರ ಎಂದು ಹುಡುಕಬೇಡಿ. ಈ ಐದು ವರ್ಷದಲ್ಲಿ ಎರಡು ಕಡೆಯವರೂ ಅಧಿಕಾರದಲ್ಲಿದ್ದರು.

ಅಧಿಕಾರಿಗಳು ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ನಾನೂ ಆ ಕುರ್ಚಿಯಲ್ಲೇ ಕೂತವನು. ಅಧಿಕಾರಿಗೆ ಮೇಲಿನವರು ಕೇಳುತ್ತಾರೆ, ಊರಿನವರು ಕೇಳುವುದಕ್ಕೆ ದಾರಿಯಿಲ್ಲ. ಎರಡು ವರ್ಷಕ್ಕೆ ವರ್ಗವಾಗಿ ಹೋಗುವವರಿಗೆ ಮಳೆ ಬಂದರೆ ನೀರು ಯಾವ ಸಂದಿಯಿಂದ ನುಗ್ಗುತ್ತದೆ ಎಂದು ಹೇಗೆ ಗೊತ್ತಾಗಬೇಕು?

ಸುಮ್ಮನೆ ಹೇಳುವ ಮಾತಲ್ಲ ಇದು. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಬಿದ್ದಾಗ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಕರೆತಂದರು. 2024ರ ಅಕ್ಟೋಬರಿನಲ್ಲಿ ಅದೇ ಜಾಗ ಮತ್ತೆ ಮುಳುಗಿತು, ಮತ್ತೆ ದೋಣಿ. ಕೋಡಿಯಿಂದ ಜಕ್ಕೂರಿಗೆ ಹೋಗುವ ರಾಜಕಾಲುವೆಗೆ ಅಷ್ಟು ನೀರು ಹಿಡಿಯಲಿಲ್ಲ. ನಮ್ಮ ಹಳೆಯ ನೀರುಗಂಟಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೂ ಕೋಡಿ ಕೆಳಗಿನ ಕಾಲುವೆಯ ಅಗಲ ಎಷ್ಟು ಮಾರು ಎಂದು ಬಾಯಲ್ಲೇ ಹೇಳುತ್ತಿದ್ದ.

ಒಳ್ಳೆಯದನ್ನೂ ಹೇಳಬೇಕು. ಜಕ್ಕೂರು ಕೆರೆ ನೋಡಿಲ್ಲದವರು ಒಮ್ಮೆ ಹೋಗಿ ಬನ್ನಿ. ಚರಂಡಿ ನೀರನ್ನು ಅಲ್ಲೇ ಪಕ್ಕದ ಘಟಕದಲ್ಲಿ ಶುದ್ಧ ಮಾಡಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ಬೇಸಿಗೆಯಲ್ಲೂ ನೀರು ನಿಂತಿರುತ್ತದೆ, ಮೀನು ಹಿಡಿಯುವವರಿಗೆ ಜೀವನವಾಗಿದೆ. ಸರಕಾರದ ದುಡ್ಡಿನ ಜೊತೆಗೆ, ಬೆಳಿಗ್ಗೆ ಬೆಳಿಗ್ಗೆ ಏರಿಯ ಮೇಲೆ ತಿರುಗಾಡಿ ಯಾರು ಏನು ಸುರಿಯುತ್ತಿದ್ದಾರೆ ಎಂದು ಕಣ್ಣಿಟ್ಟ ಊರಿನವರೂ ಅದಕ್ಕೆ ಕಾರಣ. ನಮ್ಮ ಪುಟ್ಟೇನಹಳ್ಳಿ ಕೆರೆಯನ್ನು ಪಕ್ಷಿಗಳಿಗಾಗಿ ಮೀಸಲು ಮಾಡಿರುವುದೂ ಹೀಗೆ ಹಟ ಹಿಡಿದು ಬೆನ್ನು ಹತ್ತಿದವರಿಂದಲೇ. 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತವೂ 2024ರ ಅಕ್ಟೋಬರಿನಲ್ಲಿ ಶುರುವಾಗಿದೆ, ದಿನಕ್ಕೆ 775 ದಶಲಕ್ಷ ಲೀಟರು. ನೂರು ಕಿಲೋಮೀಟರಿನ ಆಚೆಯಿಂದ ನೀರು ಎತ್ತಿ ತರುತ್ತಿದ್ದಾರೆ. ಮಂಡ್ಯದ ರೈತರೂ ಕುಡಿಯುವ, ಗದ್ದೆಗೆ ಹಾಯಿಸುವ ನದಿ ಅದು ಎನ್ನುವುದನ್ನು ನಲ್ಲಿ ತಿರುಗಿಸುವಾಗ ನೆನೆದರೆ ಸಾಕು.

ಇಷ್ಟು ಹೇಳಿ, ನಿಮ್ಮೆಲ್ಲರ ಹತ್ತಿರ ಎರಡು ಬೇಡಿಕೆ ಇಡುತ್ತೇನೆ. ಒಂದು ಎಸ್‌ಡಿಎಂಸಿಯವರಿಗೆ. ಈ ಶಾಲೆಯ ಮೈದಾನಕ್ಕೂ ಒಂದು ಸರ್ವೆ ನಂಬರಿದೆ. ಸುತ್ತ ಚದರಡಿಗೆ ಸಾವಿರ ಸಾವಿರ ಎಣಿಸುವ ಕಾಲ ಇದು. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ, ಕಲ್ಲು ನೆಡಿಸಿ, ಪತ್ರವನ್ನು ಬೀರುವಿನಲ್ಲಿಡಿ. ಕಾಂಪೌಂಡು ಇದೆಯಲ್ಲ ಎನ್ನಬೇಡಿ, ಕಾಂಪೌಂಡು ಸರಿದು ಬಂದಿರುವುದನ್ನು ನನ್ನ ನೌಕರಿಯಲ್ಲಿ ಎಷ್ಟೋ ಕಡೆ ನೋಡಿದ್ದೇನೆ.

ಎರಡನೆಯದು ಮಕ್ಕಳಿಗೆ. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆ, ಗುಂಡುತೋಪು, ಬಂಡಿ ದಾರಿ ಎಲ್ಲ ಇವೆ. ಅದರ ದೊಡ್ಡ ಪ್ರತಿ ಒಂದನ್ನು ಈ ಹೊತ್ತು ತಂದಿದ್ದೇನೆ, ಮುಖ್ಯೋಪಾಧ್ಯಾಯಿನಿಯವರಿಗೆ ಕೊಡುತ್ತೇನೆ. ಒಂಬತ್ತನೇ ತರಗತಿಯವರು ಅದನ್ನು ಹಿಡಿದು ಒಂದು ಶನಿವಾರ ಕಾಲುವೆಯ ಗುಂಟ ನಡೆಯಿರಿ. ಎಲ್ಲಿ ಎಷ್ಟು ಅಗಲ ಉಳಿದಿದೆ, ಎಲ್ಲಿ ಮೇಲೆ ಚಪ್ಪಡಿ ಬಿದ್ದಿದೆ, ಎಲ್ಲಿ ಕಾಲುವೆಯೇ ಇಲ್ಲ, ಪೆನ್ಸಿಲಿನಲ್ಲಿ ಗುರುತು ಹಾಕಿ. ನಾನೂ ಜೊತೆಗೆ ಬರುತ್ತೇನೆ, ಮಂಡಿ ನೋವಿದ್ದರೂ ಅಷ್ಟು ದೂರ ನಡೆಯಬಲ್ಲೆ. ವಾರ್ಡಿಗೆ ಚುನಾವಣೆ ಬಂದಾಗ ಮತ ಕೇಳಲು ಬರುವವರ ಮುಂದೆ ಆ ನಕ್ಷೆಯನ್ನು ಬಿಡಿಸಿ ಇಡೋಣ.

ಊಟಕ್ಕೆ ಹೊತ್ತಾಯಿತು ಎಂದು ಸನ್ನೆ ಮಾಡುತ್ತಿದ್ದಾರೆ.